ಮೊತ್ತ 180 ಬಂದಿದೆ, ಆದರೂ ಉತ್ತರ ತಪ್ಪು ಏಕೆ?

ಆಲೂರು ದಿನಸಿ ಅಂಗಡಿ
ಶನಿವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ಮಧ್ಯಾಹ್ನ ಶಾಲೆಯಿಂದ ಬಂದವಳು ಗಣಿತದ ಕಿರುಪರೀಕ್ಷೆಯ ಉತ್ತರಪತ್ರಿಕೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಮಗುಚಿಟ್ಟು ಒಳಗೆ ಹೋದಳು. ಆಗಿನಿಂದ ಮಾತಿಲ್ಲ. ತಿರುಗಿಸಿ ನೋಡಿದರೆ ಮೂರು ಅಂಕದ ಪ್ರಶ್ನೆಗೆ ಒಂದೇ ಅಂಕ ಬಂದಿದೆ.

ಪ್ರಶ್ನೆ ಹೀಗಿದೆ: ತ್ರಿಭುಜ ಎಬಿಸಿಯಲ್ಲಿ ಎಬಿ = ಎಸಿ. ಬಿಸಿ ಬಾಹುವನ್ನು ಡಿ ವರೆಗೆ ವೃದ್ಧಿಸಿದೆ. ∠ಎಸಿಡಿ = 118° ಆದರೆ ∠ಎ ಎಷ್ಟು? ಜೊತೆಗೆ ಚಿತ್ರವಿದೆ. ಚಿತ್ರದಲ್ಲಿ ಎ ಮತ್ತು ಬಿ ಕೆಳಗಡೆ, ಸಿ ಮೇಲುಗಡೆ. ಬಿಯಿಂದ ಹೊರಟ ಗೆರೆ ಸಿಯನ್ನು ದಾಟಿ ಮೇಲಕ್ಕೆ ಹೋಗಿದೆ.

ಮಗಳು ಬರೆದದ್ದು: ಹೊರಕೋನವು ಅಂತರಾಭಿಮುಖ ಕೋನಗಳ ಮೊತ್ತಕ್ಕೆ ಸಮ. ಆದ್ದರಿಂದ ∠ಎ + ∠ಬಿ = 118°. ಎರಡೂ ಪಾದಕೋನಗಳು, ಆದ್ದರಿಂದ ಸಮ. ಆದ್ದರಿಂದ ∠ಎ = 59°. ಕೆಳಗೆ ತಾಳೆ ಕೂಡ ನೋಡಿದ್ದಾಳೆ: 59 + 59 + 62 = 180.

ನಾನು ಪಿಯುಸಿಯಲ್ಲಿ ಕಲಾ ವಿಭಾಗ. ಕೋನದ ವಿಷಯ ಮರೆತು ಮೂವತ್ತು ವರ್ಷವಾಯಿತು. ಆದರೆ ಅಂಗಡಿಯವನು, ಕೂಡುವುದರಲ್ಲಿ ತಪ್ಪುವವನಲ್ಲ. ಮೂರು ಸಲ ಕೂಡಿದೆ, 180 ಬರುತ್ತದೆ. ತ್ರಿಭುಜದಲ್ಲಿ ಇನ್ನೇನು ಬೇಕು? ಶಾಲೆಯ ಹೆಸರು ಹೇಳುವುದಿಲ್ಲ, ಜಗಳಕ್ಕೂ ಬಂದಿಲ್ಲ. ಎಲ್ಲಿ ತಪ್ಪಾಗಿದೆ ಎಂದು ಗೊತ್ತಾದರೆ ರಾತ್ರಿ ಊಟಕ್ಕೆ ಕರೆಯುವ ಮುಂಚೆ ಅವಳಿಗೆ ಹೇಳಬಹುದಿತ್ತು.

ಮನೆಪಾಠ, ಚಿಕ್ಕಮಗಳೂರು
ಶನಿವಾರ, ರಾತ್ರಿ 9:41

ಅಣ್ಣ, ಮೊದಲ ಸಾಲು ಸರಿ. ಆ ಒಂದು ಅಂಕ ಅದಕ್ಕೇ ಬಂದಿರಬೇಕು. ಎರಡನೆಯ ಸಾಲಿನಲ್ಲಿ ಎಡವಿದ್ದಾಳೆ.

ಎಬಿ ಮತ್ತು ಎಸಿ ಸಮ ಎಂದಾಗ ಅವುಗಳ ಎದುರಿಗಿರುವ ಕೋನಗಳು ಸಮ. ಎಬಿಯ ಎದುರಿಗೆ ಯಾರಿದ್ದಾರೆ? ಸಿ. ಎಸಿಯ ಎದುರಿಗೆ ಬಿ. ಅಂದರೆ ಸಮವಾಗಿರುವುದು ಬಿ ಮತ್ತು ಸಿ. ಅವಳು ಎ ಮತ್ತು ಬಿ ಎಂದುಕೊಂಡಳು. ಸಿಯ ಒಳಕೋನ 180 − 118 = 62°. ಬಿ ಕೂಡ 62°. ಎ = 118 − 62 = 56°.

ನಿಮ್ಮ ಕೂಡಿಕೆಯಲ್ಲಿ ದೋಷವಿಲ್ಲ. ಆದರೆ 118ನ್ನು ಯಾವ ರೀತಿ ಎರಡು ಪಾಲು ಮಾಡಿದರೂ ಮೊತ್ತ 180 ಬರುತ್ತದೆ. 100 ಮತ್ತು 18 ಎಂದು ಬರೆದಿದ್ದರೂ ಬರುತ್ತಿತ್ತು, ಕೂಡಿ ನೋಡಿ. ಹೊರಕೋನದ ನಿಯಮವೇ 180ರ ನಿಯಮದಿಂದ ಹುಟ್ಟಿದ್ದು. ಅದನ್ನು ಬಳಸಿ ಬಂದ ಉತ್ತರವನ್ನು 180ರಿಂದಲೇ ತಾಳೆ ನೋಡುವುದೆಂದರೆ ಸಾಲ ಕೊಟ್ಟವನನ್ನೇ ಸಾಕ್ಷಿಗೆ ಕರೆದಂತೆ. ತಾಳೆ ನೋಡಬೇಕಾದದ್ದು ಬಳಸದೆ ಉಳಿದಿರುವ ಮಾತನ್ನು. ಇಲ್ಲಿ ಅದು ಎಬಿ = ಎಸಿ. ಬಿ 59, ಸಿ 62 ಬಂದಿದ್ದರೆ ಆ ಎರಡು ಬಾಹುಗಳು ಸಮವಾಗುವುದು ಹೇಗೆ? ಅಲ್ಲೇ ಸಿಕ್ಕಿಬೀಳುತ್ತಿತ್ತು.

ಆಲೂರು ದಿನಸಿ ಅಂಗಡಿ
ಶನಿವಾರ, ರಾತ್ರಿ 9:58

100 ಮತ್ತು 18 ಕೂಡಿ ನೋಡಿದೆ. ಬಂತು. ಸುಮ್ಮನಾದೆ.

ಆದರೂ ಒಂದು ಅನುಮಾನ ಉಳಿದಿದೆ ಅಕ್ಕ. ಅವಳ ಪುಸ್ತಕದಲ್ಲಿ ‘ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮ’ ಎಂದು ಅಡಿಗೆರೆ ಎಳೆದಿದ್ದಾಳೆ. ಚಿತ್ರದಲ್ಲಿ ಕೆಳಗಿರುವುದು ಎ ಮತ್ತು ಬಿ. ಪಾದ ಎಂದರೆ ಕೆಳಗಿರುವುದಲ್ಲವೇ? ಮಗು ಓದಿದ್ದನ್ನೇ ಬರೆದಿದೆಯಲ್ಲ?

ನಿವೃತ್ತ ಮೇಷ್ಟ್ರು, ಬೇಲೂರು
ಶನಿವಾರ, ರಾತ್ರಿ 10:15

ಮಗು ಎಡವಿದ್ದು ಗಣಿತದಲ್ಲಿ ಅಲ್ಲ, ಕನ್ನಡದಲ್ಲಿ. ಅಥವಾ ನಮ್ಮಂಥ ಮೇಷ್ಟ್ರುಗಳು ಕರಿಹಲಗೆಯ ಮೇಲೆ ಬರೆಯುವ ಚಿತ್ರದಲ್ಲಿ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ್ದೇನೆ, ಪ್ರತಿ ವರ್ಷ ಸಮದ್ವಿಬಾಹು ತ್ರಿಭುಜವನ್ನು ಗೋಪುರದ ಹಾಗೆ ನೆಟ್ಟಗೆ ನಿಲ್ಲಿಸಿಯೇ ಬರೆದಿದ್ದೇನೆ. ಓರೆಯಾಗಿ ಬರೆದದ್ದು ನೆನಪಿಲ್ಲ. ಹೀಗಿರುವಾಗ ಮಕ್ಕಳು ಪಾದವನ್ನು ಪುಟದ ಕೆಳಗೆ ಹುಡುಕಿದರೆ ತಪ್ಪು ಯಾರದು?

ಈ ಹೆಸರುಗಳನ್ನು ಇಟ್ಟವರು ಮೈಯನ್ನು ನೋಡಿಕೊಂಡು ಇಟ್ಟಿದ್ದಾರೆ. ಭುಜ, ಬಾಹು ಎಂದರೆ ತೋಳು. ಶೃಂಗ ಎಂದರೆ ಕೊಂಬು, ತುದಿ. ಪಾದ ಎಂದರೆ ಪಾದವೇ. ಎರಡು ಸಮ ಬಾಹುಗಳು ಎಲ್ಲಿ ಸೇರುತ್ತವೆಯೋ ಅದು ತಲೆ. ತಲೆಯ ಎದುರಿಗಿರುವ ಮೂರನೆಯ ಬಾಹು ಪಾದ. ಮನುಷ್ಯ ನಿಂತಿದ್ದರೂ ಪಾದ ಪಾದವೇ, ಮಲಗಿದ್ದರೂ ಪಾದವೇ. ಚಾಪೆಯ ಮೇಲೆ ಮಲಗಿದವನ ಬೆನ್ನನ್ನು ಪಾದ ಎಂದು ಯಾರೂ ಕರೆಯುವುದಿಲ್ಲ. ನಿಮ್ಮ ಮಗಳ ಚಿತ್ರದಲ್ಲಿ ತ್ರಿಭುಜ ಮಲಗಿದೆ. ಎ ತಲೆ, ಬಿಸಿ ಪಾದ.

ಒಂದು ಅಭ್ಯಾಸ ಹೇಳುತ್ತೇನೆ. ಚಿತ್ರ ನೋಡುವ ಮೊದಲು ‘ಎಬಿ = ಎಸಿ’ ಎಂಬುದನ್ನು ಬಾಯಿಬಿಟ್ಟು ಓದಿಸಿ. ಎರಡರಲ್ಲೂ ಬರುವ ಅಕ್ಷರ ಎ. ಅದೇ ತಲೆ. ಅದನ್ನು ಬಿಟ್ಟು ಉಳಿದ ಎರಡು ಅಕ್ಷರಗಳ ಕೋನಗಳು ಸಮ. ಚಿತ್ರ ತಲೆಕೆಳಗಾಗಿದ್ದರೂ ಈ ಓದು ತಪ್ಪುವುದಿಲ್ಲ.

ಅಂದ ಹಾಗೆ ನಾಚಿಕೆ ಬೇಡವೆಂದು ಮಗುವಿಗೆ ಹೇಳಿ. ಯೂಕ್ಲಿಡನ ಮೊದಲ ಪುಸ್ತಕದಲ್ಲಿ ಇದು ಐದನೆಯ ಪ್ರಮೇಯ. ಯುರೋಪಿನವರು ಇದಕ್ಕೆ ‘ಕತ್ತೆಗಳ ಸೇತುವೆ’ ಎಂದು ಅಡ್ಡಹೆಸರು ಇಟ್ಟಿದ್ದರು. ಓದುವವರು ಮೊದಲು ಮುಗ್ಗರಿಸುವ ಜಾಗ ಇದೇ.

ಕೊಪ್ಪದ ಹುಡುಗ
ಶನಿವಾರ, ರಾತ್ರಿ 10:31

ಇಷ್ಟೆಲ್ಲ ಏಕೆ? ಪ್ರಶ್ನೆಯ ಫೋಟೊ ತೆಗೆದು ಆ್ಯಪ್‌ಗೆ ಹಾಕಿದರೆ ಅರ್ಧ ನಿಮಿಷದಲ್ಲಿ ಉತ್ತರ ಬರುತ್ತದೆ.

ಮನೆಪಾಠ, ಚಿಕ್ಕಮಗಳೂರು
ಶನಿವಾರ, ರಾತ್ರಿ 10:34

ಬರುತ್ತದೆ ತಮ್ಮ. 56 ಎಂದು ಬರುತ್ತದೆ. ಈ ಅಣ್ಣ ಕೇಳಿದ್ದು 59 ಏಕೆ ಅಲ್ಲ ಎಂದು.

ಮೂಡಿಗೆರೆ ಬಡಗಿ
ಶನಿವಾರ, ರಾತ್ರಿ 11:02

ಮೇಷ್ಟ್ರ ಮಾತು ಓದಿ ನಗು ಬಂತು. ನಾವು ಮಾಡು ಕಟ್ಟುವವರು ದಿನವೂ ಇದೇ ತ್ರಿಭುಜದ ಕೆಳಗೆ ನಿಂತಿರುತ್ತೇವೆ. ಮಂಗಳೂರು ಹಂಚಿನ ಮಾಡಿಗೆ ಎರಡು ಕಡೆಯಿಂದ ಪಕ್ಕಾಸು, ಅಂದರೆ ಇಳಿಜಾರಿನ ಮರ, ಏರಿಸುತ್ತೇವೆ. ಎರಡೂ ಒಂದೇ ಉದ್ದ, ಗೋಡೆಗಳು ಒಂದೇ ಮಟ್ಟ. ಇಳಿಜಾರು 30 ಡಿಗ್ರಿ ಬೇಕು ಎಂದರೆ ಬುಡದಲ್ಲಿ 30, 30. ಮೇಲೆ ಕೂಡುವಲ್ಲಿ 120. ಆ ತುದಿಯಿಂದ ತೂಗುಗುಂಡು ಇಳಿಬಿಟ್ಟರೆ ಎರಡೂ ಕಡೆ 60. ಪಕ್ಕಾಸಿನ ಮೇಲ್ತುದಿಯನ್ನು ಆ 60ರ ಓರೆಗೇ ಕತ್ತರಿಸಬೇಕು. ಆಗ ಎರಡು ಮರ ಕೈಮುಗಿದ ಹಾಗೆ ಕೂಡುತ್ತವೆ. ನಾವು ಕೋನಮಾಪಕ ಇಟ್ಟುಕೊಳ್ಳುವುದಿಲ್ಲ. ಬೇಕಾದ ಓರೆಗೆ ತಿರುಗಿಸಿ ಬಿಗಿಯುವ ಮಟ್ಟವೊಂದಿದೆ, ಅದರಲ್ಲಿ ಗುರುತು ಹಾಕಿಕೊಂಡು ಎಲ್ಲ ಮರಕ್ಕೂ ಅದೇ ಅಚ್ಚು.

ಈ ಹುಡುಗಿ ಮಾಡಿದ ತಪ್ಪನ್ನೇ ನಾನೂ ಮಾಡಿದ್ದೇನೆ, ಬೀಟೆ ಮರದಲ್ಲಿ. ಕೆಲಸ ಕಲಿತ ಹೊಸತು. ಒಂದು ಮನೆಗೆ ಜಗಲಿಯ ಕಡೆ ಮಾಡು ಸ್ವಲ್ಪ ಮುಂದೆ ಬರಲಿ ಎಂದು ಆ ಕಡೆಯ ಗೋಡೆಯನ್ನು ಹೊರಗೆ ತಂದಿದ್ದರು, ಪಕ್ಕಾಸು ಒಂದೂವರೆ ಅಡಿ ಉದ್ದ. ನಾನು ಅಭ್ಯಾಸಬಲದಿಂದ ಎರಡೂ ಕಡೆಗೆ ಒಂದೇ ಅಚ್ಚಿನಲ್ಲಿ ತುದಿ ಕತ್ತರಿಸಿದೆ. ಮೇಲೆ ಇಟ್ಟಾಗ ನಡುವೆ ಬೆರಳು ತೂರುವಷ್ಟು ಸಂದು. ಬಾಹು ಸಮವಿಲ್ಲ ಎಂದ ಮೇಲೆ ಬುಡದ ಕೋನಗಳೂ ಸಮವಿಲ್ಲ. ಉದ್ದದ ಪಕ್ಕಾಸಿನ ಬುಡದಲ್ಲಿ ಕೋನ ಚಿಕ್ಕದು, ಗಿಡ್ಡದ ಬುಡದಲ್ಲಿ ದೊಡ್ಡದು. ಮೇಸ್ತ್ರಿ ಏನೂ ಬೈಯಲಿಲ್ಲ. ಆ ಸಂದಿನಲ್ಲಿ ತನ್ನ ಬೀಡಿಕಟ್ಟು ಸಿಕ್ಕಿಸಿ ಕೆಳಗಿಳಿದು ಹೋದರು. ಹುಡುಗಿಗೆ ಎರಡು ಅಂಕ ಹೋಯಿತು, ನನಗೆ ಎರಡು ಪಕ್ಕಾಸು.

ಆಲೂರು ದಿನಸಿ ಅಂಗಡಿ
ಭಾನುವಾರ, ಬೆಳಿಗ್ಗೆ 7:10

ಬೀಡಿಕಟ್ಟಿನ ಕಥೆ ಓದಿ ಹೇಳಿದೆ. ನಕ್ಕಳು. ಉಪ್ಪಿಟ್ಟು ತಿಂದಳು.

ಈಗ ಅವಳದೇ ಪ್ರಶ್ನೆ, ನನ್ನದಲ್ಲ. ‘180 ಎಂದು ಯಾರು ನಿರ್ಧಾರ ಮಾಡಿದರು? 200 ಏಕೆ ಅಲ್ಲ?’

ಮನೆಪಾಠ, ಚಿಕ್ಕಮಗಳೂರು
ಭಾನುವಾರ, ಬೆಳಿಗ್ಗೆ 8:05

ಒಂದು ಸುತ್ತನ್ನು 360 ಭಾಗ ಮಾಡಿದ್ದು ಹಳೆಯ ರೂಢಿ, ಅರವತ್ತರ ಲೆಕ್ಕ ಇಟ್ಟುಕೊಂಡಿದ್ದ ಬ್ಯಾಬಿಲೋನಿಯದವರ ಕಾಲದಿಂದ ಬಂದದ್ದು. ಅರ್ಧ ಸುತ್ತು ಎಂದರೆ ನೇರ ಗೆರೆ, 180. ಒಂದು ಸುತ್ತಿಗೆ 400 ಎಂದು ಒಪ್ಪಿಕೊಂಡಿದ್ದರೆ ತ್ರಿಭುಜಕ್ಕೆ 200 ಬರುತ್ತಿತ್ತು. ಅಂಕಿ ಮನುಷ್ಯರದು. ಮೂರು ಮೂಲೆ ಸೇರಿದರೆ ನೇರ ಗೆರೆಯಾಗುತ್ತದೆ ಎಂಬುದು ಮಾತ್ರ ಯಾರ ತೀರ್ಮಾನವೂ ಅಲ್ಲ.

ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಯಾವುದಾದರೂ ತ್ರಿಭುಜ ಕತ್ತರಿಸಿ. ಮೂರು ಮೂಲೆಗಳಿಗೆ ಬಣ್ಣ ಹಚ್ಚಿ. ಮೂಲೆಗಳನ್ನು ಕೈಯಲ್ಲೇ ಹರಿದು, ಮೂರು ತುದಿಗಳನ್ನೂ ಒಂದೇ ಚುಕ್ಕೆಗೆ ತಾಗಿಸಿ ಪಕ್ಕಪಕ್ಕ ಜೋಡಿಸಿ. ಅಂಚು ನೇರವಾಗುತ್ತದೆ. ಇದಕ್ಕಿಂತ ಪುರಾವೆ ಬೇಕಿಲ್ಲ.

ನಿವೃತ್ತ ಮೇಷ್ಟ್ರು, ಬೇಲೂರು
ಭಾನುವಾರ, ಬೆಳಿಗ್ಗೆ 8:30

ಬೇಕು ತಾಯಿ. ಹಾಳೆ ಹರಿಯುವುದು ಚೆನ್ನ, ನಾನೂ ತರಗತಿಯಲ್ಲಿ ಹರಿಸಿದ್ದೇನೆ. ಆದರೆ ನೇರವಾಗಿ ‘ಕಾಣುತ್ತದೆ’ ಅಷ್ಟೆ. 179 ಬಂದಿದ್ದರೂ ಹಾಗೇ ಕಾಣುತ್ತಿತ್ತು. ಅಲ್ಲದೆ ಹರಿದದ್ದು ಒಂದು ತ್ರಿಭುಜ. ಲೋಕದ ಎಲ್ಲ ತ್ರಿಭುಜಗಳನ್ನೂ ಹರಿಯಲು ಕ್ಯಾಲೆಂಡರ್ ಸಾಲುವುದಿಲ್ಲ.

ಒಂದು ಗೆರೆ ಸಾಕು. ತ್ರಿಭುಜದ ತಲೆಯ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ರೇಖೆ ಎಳೆಯಲಿ. ಎಡಗಡೆಯ ಬಾಹು ಈ ಎರಡು ಸಮಾಂತರ ರೇಖೆಗಳಿಗೆ ಛೇದಕವಾಯಿತು, ಅಂದರೆ ಎರಡನ್ನೂ ಕತ್ತರಿಸುವ ಗೆರೆ. ಹಾಗಾಗಿ ಪಾದದ ಎಡಮೂಲೆ ಮೇಲೆ ಪರ್ಯಾಯ ಕೋನವಾಗಿ, ಅಂದರೆ ಛೇದಕದ ಆಚೆ ಬದಿಯಲ್ಲಿ ಅದೇ ಅಳತೆಯ ಕೋನವಾಗಿ, ಬಂದು ಕೂರುತ್ತದೆ. ಬಲಮೂಲೆಯೂ ಹಾಗೆಯೇ. ತಲೆಯ ಕೋನ ಮೊದಲೇ ನಡುವೆ ಇದೆ. ಮೂರೂ ಸೇರಿ ಒಂದೇ ರೇಖೆಯ ಮೇಲೆ ನಿಂತವು. ಹಾಳೆ ಹರಿದು ಜೋಡಿಸಿದ್ದೂ ಇದನ್ನೇ, ಆದರೆ ಇಲ್ಲಿ ಯಾವ ತ್ರಿಭುಜ ಎಂದು ಯಾರೂ ಕೇಳುವಂತಿಲ್ಲ.

ಮನೆಪಾಠ, ಚಿಕ್ಕಮಗಳೂರು
ಭಾನುವಾರ, ಬೆಳಿಗ್ಗೆ 8:44

ಒಪ್ಪಿದೆ ಮೇಷ್ಟ್ರೇ. ಆದರೆ ಹಾಳೆ ಹರಿಯದ ಮಗುವಿಗೆ ಆ ಗೆರೆಯನ್ನು ಏಕೆ ಎಳೆದಿರಿ ಎಂದು ಗೊತ್ತಾಗುವುದಿಲ್ಲ. ಮೊದಲು ಹರಿಯಲಿ, ಆಮೇಲೆ ಎಳೆಯಲಿ.

ಒಂಬತ್ತನೇ ತರಗತಿ, ಅರಸೀಕೆರೆ
ಭಾನುವಾರ, ಬೆಳಿಗ್ಗೆ 10:12

ನಮಸ್ತೆ. ನನಗೂ ಒಂದು ಲೆಕ್ಕ ಬರುತ್ತಿಲ್ಲ. ಮೇಲೆ ಎಬಿ, ಕೆಳಗೆ ಸಿಡಿ, ಎರಡೂ ಸಮಾಂತರ. ಎ, ಸಿ ಎಡಗಡೆ. ಬಿ, ಡಿ ಬಲಗಡೆ. ನಡುವೆ ಎಡಕ್ಕೆ ಇ ಎಂಬ ಬಿಂದು ಇದೆ. ಬಿಯಿಂದ ಇಗೆ, ಇಯಿಂದ ಡಿಗೆ ಗೆರೆ ಇದೆ. ಮೊಣಕೈ ಮಡಿಸಿದ ಹಾಗೆ. ∠ಎಬಿಇ = 40°, ∠ಸಿಡಿಇ = 35°. ∠ಬಿಇಡಿ ಎಷ್ಟು? ನಾನು 180 − 75 = 105 ಎಂದು ಬರೆದೆ. ಉತ್ತರ 75 ಎಂದು ಕೊಟ್ಟಿದ್ದಾರೆ. ಪರ್ಯಾಯ, ಅನುರೂಪ ಎಲ್ಲ ಬಾಯಿಪಾಠ ಇದೆ. ಆದರೆ ಈ ಚಿತ್ರದಲ್ಲಿ ಛೇದಕವೇ ಇಲ್ಲ.

ನಿವೃತ್ತ ಮೇಷ್ಟ್ರು, ಬೇಲೂರು
ಭಾನುವಾರ, ಬೆಳಿಗ್ಗೆ 10:40

ಭೇಷ್. ‘ಛೇದಕವೇ ಇಲ್ಲ’ ಎಂದು ಕಂಡುಕೊಂಡೆಯಲ್ಲ, ಅರ್ಧ ಲೆಕ್ಕ ಆಯಿತು. 105 ಬರೆದದ್ದು ಮಾತ್ರ ತ್ರಿಭುಜವಿಲ್ಲದ ಕಡೆ ತ್ರಿಭುಜದ ನಿಯಮ ಹಾಕಿದ್ದರಿಂದ. ಬಿ ಮತ್ತು ಡಿಯನ್ನು ಸೇರಿಸಿದರೆ ತ್ರಿಭುಜವಾಗುತ್ತದೆ ನಿಜ, ಆದರೆ ನಿನ್ನ 40, 35 ಅದರ ಒಳಗಿನ ಕೋನಗಳಲ್ಲ.

ಛೇದಕ ಇಲ್ಲದಿದ್ದರೆ ನಾವೇ ಮಾಡಿಕೊಳ್ಳೋಣ. ಬಿಇ ಗೆರೆಯನ್ನು ಅದೇ ನೇರದಲ್ಲಿ ಕೆಳಕ್ಕೆ ಎಳೆ. ಅದು ಸಿಡಿಯನ್ನು ಜಿ ಎಂಬಲ್ಲಿ ಮುಟ್ಟುತ್ತದೆ. ಈಗ ಬಿಜಿ ಛೇದಕ. ∠ಎಬಿಜಿಗೆ ಪರ್ಯಾಯ ಕೋನ ∠ಬಿಜಿಡಿ, ಅದೂ 40°. ಈಗ ನಿಜವಾದ ತ್ರಿಭುಜವೊಂದು ಸಿಕ್ಕಿತು: ಜಿಇಡಿ. ಅದರಲ್ಲಿ ಜಿ 40, ಡಿ 35. ನಿನಗೆ ಬೇಕಾದ ∠ಬಿಇಡಿ ಅದರ ಹೊರಕೋನ. 40 + 35 = 75.

ಅಥವಾ ಇ ಮೂಲಕ ಬಲಕ್ಕೆ ಒಂದು ಸಮಾಂತರ ರೇಖೆ ಎಳೆ. ಅದು ಮೊಣಕೈಯನ್ನು ಎರಡು ಪಾಲು ಮಾಡುತ್ತದೆ, ಮೇಲಿನ ಪಾಲು 40ಕ್ಕೆ ಪರ್ಯಾಯ, ಕೆಳಗಿನ ಪಾಲು 35ಕ್ಕೆ ಪರ್ಯಾಯ. ನನಗೆ ಮೊದಲನೆಯ ದಾರಿ ಇಷ್ಟ.

ಮನೆಪಾಠ, ಚಿಕ್ಕಮಗಳೂರು
ಭಾನುವಾರ, ಬೆಳಿಗ್ಗೆ 10:52

ನನಗೆ ಎರಡನೆಯದು. ಮಕ್ಕಳಿಗೆ ಬೇಗ ಕಾಣುತ್ತದೆ.

ಪುಟ್ಟ, ಪರ್ಯಾಯ ಅನುರೂಪಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಒಮ್ಮೆ ರೈಲ್ವೆ ಗೇಟಿನ ಹತ್ತಿರ ನಿಂತು ನೋಡು. ನಿಮ್ಮ ಅರಸೀಕೆರೆಯಲ್ಲಿ ಹಳಿಗೇನು ಕೊರತೆ? ರಸ್ತೆ ಓರೆಯಾಗಿ ದಾಟುವ ಜಾಗದಲ್ಲಿ ರಸ್ತೆಯ ಒಂದು ಅಂಚನ್ನು ಮಾತ್ರ ಗೆರೆ ಎಂದುಕೊ. ಅದು ಎರಡು ಹಳಿಗಳನ್ನು ಕತ್ತರಿಸಿದಾಗ ಎಂಟು ಕೋನಗಳಾಗುತ್ತವೆ. ಎಂಟಕ್ಕೂ ಹೆಸರುಗಳು ಬೇರೆ, ಅಳತೆಗಳು ಎರಡೇ. ಒಂದು ಚೂಪು, ಒಂದು ಅಗಲ, ಎರಡೂ ಕೂಡಿದರೆ 180. ಚೂಪಾದವೆಲ್ಲ ಸಮ, ಅಗಲವಾದವೆಲ್ಲ ಸಮ. ಒಂದು ಗೊತ್ತಾದರೆ ಉಳಿದ ಏಳೂ ಗೊತ್ತು. ಹೆಸರು ಬೇಕಾಗುವುದು ಕಾರಣ ಬರೆಯುವಾಗ.

ಇನ್ನೊಂದು ಎಚ್ಚರಿಕೆ. ಪ್ರಶ್ನೆಯಲ್ಲಿ ಸಮಾಂತರ ಎಂದು ಹೇಳಿದ್ದರೆ ಮಾತ್ರ ಇದೆಲ್ಲ. ಚಿತ್ರದಲ್ಲಿ ಸಮಾಂತರವಾಗಿ ಕಾಣುತ್ತದೆ ಎಂದು ಹಾಕಬೇಡ. ಗೆರೆಗಳು ಒಂದನ್ನೊಂದು ದಾಟುವಾಗ ಎದುರುಬದುರು ಆಗುವ ಶೃಂಗಾಭಿಮುಖ ಕೋನಗಳಿಗೆ ಮತ್ತು ಒಂದೇ ಗೆರೆಯ ಮೇಲೆ ಪಕ್ಕಪಕ್ಕ ಕೂತು 180 ಆಗುವ ಸರಳಯುಗ್ಮಕ್ಕೆ ಯಾರ ಅಪ್ಪಣೆಯೂ ಬೇಡ. ಪರ್ಯಾಯಕ್ಕೂ ಅನುರೂಪಕ್ಕೂ ಬೇಕು.

ಒಂಬತ್ತನೇ ತರಗತಿ, ಅರಸೀಕೆರೆ
ಭಾನುವಾರ, ಬೆಳಿಗ್ಗೆ 11:30

ಅರ್ಥವಾಯಿತು. ನಾನು ಇನ್ನೊಂದು ಮಾಡಿ ನೋಡಿದೆ. ಗೋಡೆಯ ನಕ್ಷೆಯಲ್ಲಿ ಹಾಸನ, ಚಿಕ್ಕಮಗಳೂರು, ಸಕಲೇಶಪುರ ಮೂರನ್ನೂ ಸ್ಕೇಲಿಟ್ಟು ಸೇರಿಸಿ ಕೋನಮಾಪಕದಲ್ಲಿ ಅಳೆದೆ. ಸಕಲೇಶಪುರದಲ್ಲಿ 81, ಹಾಸನದಲ್ಲಿ 56, ಚಿಕ್ಕಮಗಳೂರಿನಲ್ಲಿ 44. ಕೂಡಿದರೆ 181. ಭೂಮಿ ಗುಂಡಗಿರುವುದರಿಂದ ಹೀಗೆ ಎಂದು ಅಣ್ಣ ಹೇಳುತ್ತಾನೆ. ಹೌದೇ?

ಭೂಮಾಪಕ, ಹಾಸನ
ಭಾನುವಾರ, ಮಧ್ಯಾಹ್ನ 1:15

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಈಗ ನನ್ನ ಕೆಲಸದ ವಿಷಯ ಬಂತು.

ನಿಮ್ಮ ಅಣ್ಣ ಹೇಳಿದ ಕಾರಣ ನಿಜ, ಆದರೆ ನಿನ್ನ 181ಕ್ಕೆ ಅದು ಕಾರಣವಲ್ಲ. ಗೋಳದ ಮೇಲೆ ಬರೆದ ತ್ರಿಭುಜದ ಮೊತ್ತ 180ಕ್ಕಿಂತ ಹೆಚ್ಚೇ ಇರುತ್ತದೆ. ಎಷ್ಟು ಹೆಚ್ಚು ಎಂಬುದು ತ್ರಿಭುಜದ ವಿಸ್ತೀರ್ಣವನ್ನು ಅವಲಂಬಿಸಿದೆ. ಭೂಮಿಯ ಮೇಲಾದರೆ ಸುಮಾರು 197 ಚದರ ಕಿಲೋಮೀಟರಿಗೆ ಒಂದು ಸೆಕೆಂಡ್. ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು. ನೀನು ಬರೆದ ತ್ರಿಭುಜ ಸುಮಾರು 700 ಚದರ ಕಿಲೋಮೀಟರ್. ಅಂದರೆ ಮೂರೂವರೆ ಸೆಕೆಂಡಿನಷ್ಟು, ಒಂದು ಡಿಗ್ರಿಯ ಸಾವಿರದಲ್ಲಿ ಒಂದು ಪಾಲು. ನಿನ್ನ ಕೋನಮಾಪಕಕ್ಕೆ ಅದು ಕಾಣುವುದೇ ಇಲ್ಲ. ನಿನ್ನ ಒಂದು ಡಿಗ್ರಿ ಭೂಮಿಯದಲ್ಲ, ಪೆನ್ಸಿಲಿನದು. ಮೊನೆ ಮಾಡಿಕೊಂಡು ಮತ್ತೆ ಅಳೆ. ಸಕಲೇಶಪುರದಲ್ಲಿ 80ರ ಹತ್ತಿರ ಬರಬೇಕು.

ಆದರೆ ಅಳತೆ ತಪ್ಪಿದ್ದು ನಿನಗೆ ಹೇಗೆ ಗೊತ್ತಾಯಿತು? ಮೂರೂ ಅಳೆದದ್ದರಿಂದ. ಎರಡು ಅಳೆದು ಮೂರನೆಯದನ್ನು ಕಳೆದು ಬರೆದಿದ್ದರೆ ಮೊತ್ತ 180 ಬಂದೇ ಬರುತ್ತಿತ್ತು, ತಪ್ಪು ಒಳಗೇ ಅಡಗಿ ಕೂರುತ್ತಿತ್ತು. ಆಲೂರಿನ ಮಗುವಿಗೆ ಆದದ್ದೂ ಅದೇ ಅಲ್ಲವೇ? ಪುಸ್ತಕದ ಲೆಕ್ಕಕ್ಕೆ ಎರಡು ಕೋನ ಸಾಕು. ನೆಲದ ಮೇಲೆ ಮೂರೂ ಅಳೆಯಬೇಕು.

ವಿಲಿಯಂ ಲ್ಯಾಂಬ್ಟನ್ ಎಂಬಾತ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದು ದೇಶದ ದೊಡ್ಡ ತ್ರಿಕೋನ ಸರ್ವೆಯನ್ನು ಆರಂಭಿಸಿದ. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಆಧಾರರೇಖೆ ಅಳೆದು ಕೆಲಸ ತಾಳೆ ನೋಡಿದ. ಹೀಗೆ ಅಪರೂಪಕ್ಕೊಂದು ಗೆರೆಯ ಉದ್ದ, ಉಳಿದದ್ದೆಲ್ಲ ಕೋನಗಳು. ಒಂದು ಬಾಹು, ಎರಡು ಕೋನ ಗೊತ್ತಾದರೆ ಉಳಿದ ಬಾಹುಗಳು ಲೆಕ್ಕದಲ್ಲಿ ಸಿಗುತ್ತವೆ, ಆ ಬಾಹುವಿನ ಮೇಲೆ ಇನ್ನೊಂದು ತ್ರಿಭುಜ. ಆತನ ಕೋನ ಅಳೆಯುವ ಯಂತ್ರ, ಥಿಯೋಡೊಲೈಟ್, ಅರ್ಧ ಟನ್ ತೂಕದ್ದು, ಅದನ್ನು ಬೆಟ್ಟದ ತುದಿಗಳಿಗೆ ಹೊತ್ತು ಸಾಗಿಸಬೇಕಿತ್ತು. ಮೂರನೆಯ ಕೋನ ಕಳೆದರೆ ಸಿಗುತ್ತದೆ ಎಂದು ಮೂರನೆಯ ಬೆಟ್ಟ ಹತ್ತದೆ ಬಿಟ್ಟಿದ್ದರೆ ಎಷ್ಟು ಶ್ರಮ ಉಳಿಯುತ್ತಿತ್ತು ನೋಡಿ. ಆದರೆ ಮೊದಲ ಎರಡು ಬೆಟ್ಟಗಳಲ್ಲಿ ಅಳೆದದ್ದು ಸರಿಯೋ ತಪ್ಪೋ ಎಂದು ಹೇಳುವುದು ಆ ಮೂರನೆಯ ಬೆಟ್ಟವೇ.

ಒಂದು ತಮಾಷೆ: ನಮ್ಮ ಹೊಲಗದ್ದೆಯ ಹಳೆಯ ಸರ್ವೆಯಲ್ಲಿ ಲಂಬಕೋನ ಬಿಟ್ಟರೆ ಬೇರೆ ಕೋನವೇ ಇಲ್ಲ. 33 ಅಡಿಯ ಸರಪಳಿ, ಅದಕ್ಕೆ ಆಣೆ ಎಂಬ 16 ಭಾಗ. ಸರಪಳಿಯ ಉದ್ದದಷ್ಟು ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ನಡುವೆ ಒಂದು ನೇರ ಗೆರೆ ಹಿಡಿದು, ಬದುವಿನ ಮೂಲೆಗಳಿಗೆ ಅದರಿಂದ ಲಂಬ ಎಳೆದು ಉದ್ದ ಬರೆದುಕೊಂಡರೆ ಮುಗಿಯಿತು. ಮೂರು ಕೋನ ಹೇಳಿದರೆ ಆಕಾರ ಸಿಗುತ್ತದೆ, ಜಮೀನು ಎಷ್ಟು ಎಂದು ಸಿಗುವುದಿಲ್ಲ. ರೈತರಿಗೆ ಬೇಕಾದದ್ದು ಎರಡನೆಯದು.

ಮೂಡಿಗೆರೆ ಬಡಗಿ
ಭಾನುವಾರ, ಮಧ್ಯಾಹ್ನ 2:03

ಭೂಮಾಪಕರೇ, ನಮ್ಮ ಪಕ್ಕದ ತೋಟದ ಗಡಿ ಗುರುತಿಸುವ ಹದ್ದುಬಸ್ತು ಯಾವಾಗ?

ಭೂಮಾಪಕ, ಹಾಸನ
ಭಾನುವಾರ, ಮಧ್ಯಾಹ್ನ 2:05

ಇವತ್ತು ಭಾನುವಾರ ಸ್ವಾಮಿ.

ನಿವೃತ್ತ ಮೇಷ್ಟ್ರು, ಬೇಲೂರು
ಭಾನುವಾರ, ಸಂಜೆ 4:20

ಆಲೂರಿನ ಮಗುವಿಗೆ ಒಂದು ಲೆಕ್ಕ ಕೊಡುತ್ತೇನೆ. ಅಂಕಕ್ಕಲ್ಲ. ನಮ್ಮ ಕಡೆಯ ಹೊಯ್ಸಳರ ಗುಡಿಗಳಿಗೆ ಶಾಲೆಯ ಪ್ರವಾಸ ಬಂದಿದ್ದರೆ ಜಗತಿಯ, ಅಂದರೆ ಗುಡಿ ನಿಂತಿರುವ ಕಟ್ಟೆಯ, ಅಂಚು ನೋಡಿರುತ್ತಾಳೆ. ಮೊನೆ, ಒಳಮೂಲೆ, ಮೊನೆ, ಒಳಮೂಲೆ ಎಂದು ನಕ್ಷತ್ರದ ಹಾಗೆ ಸುತ್ತಿಕೊಂಡು ಹೋಗುತ್ತದೆ. ಚೌಕವನ್ನು ನಡುಬಿಂದುವಿನ ಸುತ್ತ ತಿರುಗಿಸುತ್ತ ಹೋದರೆ ಇಂಥ ಆಕಾರ ಬರುತ್ತದೆ. ಸುಲಭದ್ದನ್ನು ಕೇಳುತ್ತೇನೆ.

ಎರಡು ಸಮನಾದ ಚೌಕಗಳು, ನಡುಬಿಂದು ಒಂದೇ. ಒಂದನ್ನು 45° ತಿರುಗಿಸಿ ಇನ್ನೊಂದರ ಮೇಲೆ ಇಟ್ಟಿದೆ. ಎಂಟು ಮೊನೆಯ ನಕ್ಷತ್ರ. ಎರಡು ಮೊನೆಗಳ ನಡುವಿನ ಒಳಮೂಲೆಯಲ್ಲಿ, ಹೊರಗಡೆಯಿಂದ ನೋಡಿದರೆ, ಕೋನ ಎಷ್ಟು? ಅಳೆಯಬಾರದು. ಪ್ರತಿ ಸಾಲಿಗೂ ಕಾರಣ ಬರೆಯಬೇಕು.

ಆಲೂರು ದಿನಸಿ ಅಂಗಡಿ
ಭಾನುವಾರ, ಸಂಜೆ 6:35

ಮೇಷ್ಟ್ರೇ, ಅಂಗಡಿಯ ಮುಂದೆ ನೀರು ಹಾಕಿ ರಂಗೋಲಿ ಪುಡಿಯಲ್ಲಿ ಎರಡು ಚೌಕ ಬಿಟ್ಟಿದ್ದಾಳೆ. ಬಂದ ಗಿರಾಕಿಗಳೆಲ್ಲ ಸುತ್ತಿಕೊಂಡು ಹೋಗುತ್ತಿದ್ದಾರೆ. ಒಬ್ಬರು ಯಾವ ಹಬ್ಬ ಎಂದು ಕೇಳಿದರು. ಕೆಳಗಿನದನ್ನು ಅವಳೇ ಟೈಪ್ ಮಾಡಿದ್ದಾಳೆ.

ಒಂದು ಚೌಕದ ಬಾಹು ಇನ್ನೊಂದರ ಬಾಹುವನ್ನು ದಾಟುವ ಬಿಂದುವಿಗೆ ಪಿ ಎನ್ನುತ್ತೇನೆ.
ಮೊನೆಯಲ್ಲಿರುವ ಚಿಕ್ಕ ತ್ರಿಭುಜದ ತುದಿಯ ಕೋನ 90°. ಕಾರಣ: ಚೌಕದ ಮೂಲೆ.
ಪಿಯಲ್ಲಿ ಆ ತ್ರಿಭುಜದ ಕೋನ 45°. ಕಾರಣ: ಒಂದು ಚೌಕವನ್ನು 45° ತಿರುಗಿಸಿದೆ, ಆದ್ದರಿಂದ ಬಾಹುಗಳ ನಡುವೆಯೂ ಅಷ್ಟೇ ಓರೆ.
ಒಳಮೂಲೆ ಆ 45°ಯ ಪಕ್ಕದಲ್ಲೇ ಅದೇ ಗೆರೆಯ ಮೇಲೆ ಇದೆ. ಆದ್ದರಿಂದ 180 − 45 = 135°. ಕಾರಣ: ಸರಳಯುಗ್ಮ.

ತಾಳೆ: ನಡುವೆ ಉಳಿಯುವ ಎಂಟು ಬಾಹುಗಳ ಆಕೃತಿಯಲ್ಲಿ ಪ್ರತಿ ಕೋನ ಒಳಮೂಲೆಗೆ ಶೃಂಗಾಭಿಮುಖ, ಆದ್ದರಿಂದ ಅದೂ 135°. 8 × 135 = 1080. ಎಂಟು ಬಾಹುಗಳಿಗೆ ಒಂದು ಮೂಲೆಯಿಂದ ಗೆರೆ ಎಳೆದರೆ 6 ತ್ರಿಭುಜಗಳು, 6 × 180 = 1080. ಈ ಸಲ ಸಾಕ್ಷಿ ಬೇರೆ.

ಒಂದು ಅನುಮಾನ. ದತ್ತದಲ್ಲಿ ಎರಡು ಚೌಕಗಳು ಸಮ ಎಂದಿದೆ. ನಿನ್ನೆಯ ಹಾಗೆ ಏನಾದರೂ ಬಿಟ್ಟೆನೋ ಎಂದು ಮತ್ತೆ ಓದಿದೆ. ಅದನ್ನು ನಾನು ಎಲ್ಲಿಯೂ ಬಳಸಿಲ್ಲ. ರಂಗೋಲಿಯಲ್ಲಿ ನನ್ನ ಎರಡನೆಯ ಚೌಕ ಸ್ವಲ್ಪ ಚಿಕ್ಕದಾಗಿದೆ. ಆಗಲೂ 135 ಬರುತ್ತದಲ್ಲವೇ?

ನಿವೃತ್ತ ಮೇಷ್ಟ್ರು, ಬೇಲೂರು
ಭಾನುವಾರ, ಸಂಜೆ 6:50

ಬರುತ್ತದೆ ತಾಯಿ. ಬಾಹುಗಳು ಒಂದನ್ನೊಂದು ದಾಟಿದರೆ ಸಾಕು. ಸಮ ಎಂದು ನಾನು ಹಾಕಿದ್ದು ಎಂಟು ಮೊನೆಗಳೂ ಒಂದೇ ಅಳತೆಗೆ ಬಂದು ನೋಡಲು ಚೆನ್ನಾಗಿರಲಿ ಎಂದು. ಕೋನಕ್ಕೆ ಅದು ಬೇಕಿರಲಿಲ್ಲ ಎಂಬುದನ್ನು ನಾನು ಇವತ್ತಿನವರೆಗೂ ಯೋಚಿಸಿರಲಿಲ್ಲ.